ಬೈಂದೂರಿಗೆ ಯಾವ ವಿಭಕ್ತಿ?

ಬಸ್ ಟಿಕೆಟ್ ಆ್ಯಪಿನ ಇಂಗ್ಲಿಷ್ ಸಾಲುಗಳನ್ನು ಎಐ ಕೋಡಿಂಗ್ ಸಹಾಯಕನಿಂದ ಕನ್ನಡ ಮಾಡಿಸುತ್ತೀರಾ? ಊರ ಹೆಸರು ಬಂದು ಕೂರುವ ಜಾಗದ ಬೆನ್ನಿಗೆ ಅದು ‘ಕ್ಕೆ’ ಅಂಟಿಸಿರಬಹುದು, ನೋಡಿಕೊಳ್ಳಿ. ಕುಂದಾಪುರಕ್ಕೆ, ಬ್ರಹ್ಮಾವರಕ್ಕೆ ಸರಿ. ಬೈಂದೂರು ಬಂದಾಗ ‘ಬೈಂದೂರುಕ್ಕೆ’ ಆಗುತ್ತದೆ! ‘ತಲುಪುವ ಊರು:’ ಎಂದು ಬರೆಸಿ ಹೆಸರನ್ನು ಒಂಟಿಯಾಗಿ ಬಿಡಿ, ವಿಭಕ್ತಿಯ ಗೋಜೇ ಇಲ್ಲ.

ಇನ್ನೊಂದು, ಸಣ್ಣದೇನಲ್ಲ. ಆ್ಯಪುಗಳು ಏಕವಚನ-ಬಹುವಚನದ ಸಾಲು ಆರಿಸಲು ಬಳಸುವ ಯೂನಿಕೋಡಿನ ಸಿಎಲ್‌ಡಿಆರ್ ನಿಯಮದಲ್ಲಿ ಕನ್ನಡದ ಸೊನ್ನೆ ಏಕವಚನದ ಸಾಲಿಗೆ ಸೇರುತ್ತದೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ಆ ಸಾಲಿನಲ್ಲಿ ಅಂಕಿಯ ಜಾಗ ತೆಗೆದು ‘ಒಂದು ಸೀಟು ಇದೆ’ ಎಂದು ಬರೆದಿಟ್ಟರೆ, ಸೀಟೇ ಇಲ್ಲದಾಗಲೂ ಅದೇ ತೋರೀತು. ಅಂಕಿಯ ಜಾಗ ಉಳಿಸಲು ಸಹಾಯಕನಿಗೆ ಮೊದಲೇ ಹೇಳಿ.

ಕುಂದಾಪುರದ ಕಡೆಯ ಕುಂದಗನ್ನಡವೇ ಬೇಕೆಂದರೆ, ಬಿಡುಗಡೆಗೆ ಮುಂಚೆ ಊರಿನ ಕಂಡಕ್ಟರೊಬ್ಬರಿಗೆ ಓದಿಸಿ. ಅವರು ನಕ್ಕ ಸಾಲುಗಳನ್ನೆಲ್ಲ ತಿದ್ದಿ.