ಬಟ್ಟೆ ತೊಳೆಯುವ, ಒಣಗಿಸುವ ಯಂತ್ರಗಳ ಆಯ್ಕೆ: ಚರ್ಮಾರೋಗ್ಯದ ದೃಷ್ಟಿಯಿಂದ

ಆಷಾಢದಿಂದ ಭಾದ್ರಪದದವರೆಗೆ ವೈದ್ಯರ ಬಳಿಗೆ ಬರುವ ಚರ್ಮರೋಗಿಗಳಲ್ಲಿ ತದ್ದಿನ ಬಾಧೆಯವರೇ ಅಧಿಕ. ಕೆಲವೆಡೆ ಹುಳುಕಡ್ಡಿ ಎಂದೂ ಕೆಲವೆಡೆ ಗಜಕರ್ಣ ಎಂದೂ ಕರೆಯಲ್ಪಡುವ ಈ ವ್ಯಾಧಿಯನ್ನು ಆಯುರ್ವೇದವು ದದ್ರು ಎಂಬ ಹೆಸರಿನಿಂದ ವರ್ಣಿಸಿದೆ. ಚರಕಸಂಹಿತೆಯು ಇದನ್ನು ಕ್ಷುದ್ರಕುಷ್ಠಗಳಲ್ಲಿ ಎಣಿಸಿದರೆ, ಸುಶ್ರುತಸಂಹಿತೆಯು ಮಹಾಕುಷ್ಠಗಳಲ್ಲಿಯೇ ಸೇರಿಸಿದೆ. ತೊಡೆಸಂದು, ಸೊಂಟ, ಕಂಕುಳು ಮೊದಲಾದ ಬೆವರು ನಿಲ್ಲುವ ಜಾಗಗಳಲ್ಲಿ ಉಂಗುರದಂತೆ ಅಂಚು ಎದ್ದು, ಕೆಂಪಾಗಿ, ತಡೆಯಲಾಗದ ತುರಿಕೆಯನ್ನುಂಟುಮಾಡುವುದು ಇದರ ಸ್ವಭಾವ. ಔಷಧ ಸೇವಿಸುತ್ತಿರುವಾಗ ಅಡಗಿ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮರುಕಳಿಸುವುದು ಇತ್ತೀಚಿನ ವರ್ಷಗಳಲ್ಲಿ ಇದರ ಮತ್ತೊಂದು ಸ್ವಭಾವವಾಗಿಬಿಟ್ಟಿದೆ. ಹೀಗೆ ಮರುಕಳಿಸಿದವರನ್ನು ನಾವು ಪಥ್ಯದ ವಿಷಯ ಕೇಳುವುದಕ್ಕೂ ಮೊದಲು ಒಂದು ಪ್ರಶ್ನೆಯನ್ನು ಕೇಳುತ್ತೇವೆ: ನಿಮ್ಮ ಮನೆಯಲ್ಲಿ ಬಟ್ಟೆ ಹೇಗೆ ತೊಳೆಯುತ್ತೀರಿ, ಎಲ್ಲಿ ಒಣಗಿಸುತ್ತೀರಿ?

ಈಗ ಬಹುಪಾಲು ಬರುವ ಉತ್ತರ, "ಮಷೀನಿನಲ್ಲಿ" ಎಂಬುದು. ಹೊಸದಾಗಿ ಮಷೀನು ಕೊಳ್ಳಹೊರಟ ಸದ್ಭಕ್ತರು ಕೆಲವರು ಯಾವುದನ್ನು ಕೊಳ್ಳಬೇಕೆಂದು ನಮ್ಮನ್ನೇ ಕೇಳುವುದೂ ಉಂಟು. ವೈದ್ಯನಿಗೂ ಅಂಗಡಿಯ ಸರಕಿಗೂ ಏನು ಸಂಬಂಧ ಎಂದು ಯಾರಿಗಾದರೂ ಅನಿಸಬಹುದು. ಸಂಬಂಧವಿದೆ. ಕುಷ್ಠವೇ ಮೊದಲಾದ ಕೆಲವು ರೋಗಗಳು ಒಬ್ಬರಿಂದ ಒಬ್ಬರಿಗೆ ದಾಟುವ ಮಾರ್ಗಗಳನ್ನು ಹೇಳುವಾಗ ಸುಶ್ರುತಸಂಹಿತೆಯ ನಿದಾನಸ್ಥಾನವು ದೇಹಸ್ಪರ್ಶ, ಸಹಭೋಜನಗಳೊಡನೆ ಹಾಸಿಗೆ, ಆಸನ, ವಸ್ತ್ರಗಳನ್ನೂ ಹೆಸರಿಸುತ್ತದೆ. ನಿರ್ಮಲವಾದ ವಸ್ತ್ರಧಾರಣೆಯು ಆಯುಷ್ಯಕ್ಕೆ ಹಿತವೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ತದ್ದನ್ನುಂಟುಮಾಡುವ ಶಿಲೀಂಧ್ರವು ಉದುರಿದ ಚರ್ಮದ ಹೊಟ್ಟಿನೊಡನೆ ಬಟ್ಟೆಯ ಹೊಲಿಗೆಗಳಲ್ಲಿ, ಸೊಂಟದ ಎಲಾಸ್ಟಿಕ್‌ನಲ್ಲಿ ಬಹುಕಾಲ ಜೀವಂತವಾಗಿ ಉಳಿಯಬಲ್ಲದೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಮೈಯ ಮೇಲಿನ ರೋಗಕ್ಕೆ ಔಷಧ ಕೊಟ್ಟು ಬಟ್ಟೆಯೊಳಗಿನ ಬೀಜವನ್ನು ಹಾಗೆಯೇ ಬಿಟ್ಟರೆ ಚಿಕಿತ್ಸೆ ಅರ್ಧವಷ್ಟೇ ಆದಂತಾಯಿತು.

ಹಿಂದೆ ನಮ್ಮ ಊರುಗಳಲ್ಲಿ ಬಟ್ಟೆ ಹೇಗೆ ಶುದ್ಧವಾಗುತ್ತಿತ್ತು ಎಂಬುದನ್ನು ನೆನೆದರೆ ಯಂತ್ರದ ಆಯ್ಕೆ ಸುಲಭವಾಗುತ್ತದೆ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಬೇಯಿಸಿ, ಬಂಡೆಗೆ ಬಡಿದು ಒಗೆದು, ಹೊಳೆಯ ದಂಡೆಯ ಬಿಸಿಲಿನಲ್ಲಿ ಹರಡುತ್ತಿದ್ದರು. ಶರಣರ ವಸ್ತ್ರಗಳನ್ನು ಮಡಿಮಾಡುತ್ತಿದ್ದ ಮಾಚಿದೇವರ ಕಾಯಕವನ್ನು ಭಕ್ತಿಯಿಂದ ಸ್ಮರಿಸುವ ನಾವು ಅದರೊಳಗಿನ ಆರೋಗ್ಯಶಾಸ್ತ್ರವನ್ನೂ ಗಮನಿಸಬೇಕು. ಕ್ಷಾರ, ಶಾಖ, ಘರ್ಷಣೆ, ಬಿಸಿಲು ಎಂಬ ನಾಲ್ಕು ಅಲ್ಲಿ ಕೂಡಿದ್ದವು. ಇಂದು ಮನೆಗೆ ಬಂದಿರುವ ಸಾಮಾನ್ಯ ಯಂತ್ರವು ಸೋಪಿನ ಪುಡಿಯಿಂದ ಕ್ಷಾರದ ಕೆಲಸವನ್ನೂ ತಿರುಗಣಿಯಿಂದ ಘರ್ಷಣೆಯ ಕೆಲಸವನ್ನೂ ಮಾಡುತ್ತದೆ. ತಣ್ಣೀರಿನಲ್ಲಿ ತೊಳೆದು ಬಾಲ್ಕನಿಯ ನೆರಳಿನಲ್ಲಿ ಹರಡಿದಾಗ ಶಾಖ ಮತ್ತು ಬಿಸಿಲು ಎರಡೂ ತಪ್ಪಿಹೋಗುತ್ತವೆ. ತಪ್ಪಿಹೋದ ಈ ಎರಡನ್ನು ಮರಳಿ ತರುವುದು ಯಾವುದು ಎಂದು ನೋಡಿಯೇ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಬಣ್ಣ, ಗಾಜಿನ ಮುಚ್ಚಳ, ಹಬ್ಬದ ರಿಯಾಯಿತಿ ಇವೆಲ್ಲ ಆಮೇಲಿನ ಮಾತು.

ಮೊದಲು ಶಾಖದ ವಿಚಾರ. 30 ಅಥವಾ 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ತೊಳೆದ ಬಟ್ಟೆ ಕಣ್ಣಿಗೆ ಶುಭ್ರವಾಗಿ ಕಂಡರೂ ತದ್ದಿನ ಶಿಲೀಂಧ್ರವು ಅದರಲ್ಲಿ ಉಳಿಯುವ ಸಂಭವವಿದೆ. 60 ಡಿಗ್ರಿಯಲ್ಲಿ ತೊಳೆದರೆ ಅದು ನಾಶವಾಗುತ್ತದೆ. ಹಾಸಿಗೆ ದಿಂಬುಗಳಲ್ಲಿ ವಾಸಿಸಿ ಉಬ್ಬಸ, ಸೀನು, ಮೂಗು ಸೋರುವಿಕೆಗಳಿಗೆ ಕಾರಣವಾಗುವ ಕಣ್ಣಿಗೆ ಕಾಣದ ಧೂಳಿನ ನುಸಿಯೂ ಅದೇ ಶಾಖಕ್ಕೆ ಸಾಯುತ್ತದೆ. ಆದುದರಿಂದ ಮನೆಯಲ್ಲಿ ತದ್ದಿನವರಾಗಲಿ ಉಬ್ಬಸದ ಮಕ್ಕಳಾಗಲಿ ಇದ್ದರೆ, ಒಳಗೇ ಹೀಟರ್ ಇದ್ದು 60 ಡಿಗ್ರಿ ಎಂದು ಸ್ಪಷ್ಟವಾಗಿ ಆರಿಸಬಹುದಾದ ಯಂತ್ರವನ್ನೇ ಕೊಳ್ಳುವುದು ಲೇಸು. ಮುಂದಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ಯಂತ್ರಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುತ್ತದೆ. ಮೇಲಿನಿಂದ ಹಾಕುವ ಟಾಪ್ ಲೋಡ್‌ಗಳಲ್ಲಿ ಕೆಲವಕ್ಕೆ ಮಾತ್ರ ಹೀಟರ್ ಉಂಟು; ಇನ್ನು ಕೆಲವು ಬಿಸಿನೀರಿನ ನಲ್ಲಿಗೆ ಜೋಡಿಸಲು ಪ್ರತ್ಯೇಕ ಕೊಳವೆಯನ್ನಷ್ಟೇ ಕೊಡುತ್ತವೆ. ಮನೆಯ ಮೇಲೆ ಸೋಲಾರ್ ಇದೆ, ಅದೇ ಸಾಕು ಎಂದು ಕೆಲವರು ಹೇಳುತ್ತಾರೆ. ಬೇಸಿಗೆಯಲ್ಲಿ ಸರಿ, ಆದರೆ ತದ್ದು ಹೆಚ್ಚುವ ಮೋಡದ ದಿನಗಳಲ್ಲಿಯೇ ಸೋಲಾರ್ ನೀರು ಉಗುರುಬೆಚ್ಚಗೆ ಬರುತ್ತದೆ. ಅಂಗಡಿಯಲ್ಲಿ "ಹಾಟ್ ವಾಶ್ ಇದೆ" ಎಂದರೆ ಸಾಲದು, ಎಷ್ಟು ಡಿಗ್ರಿ ಎಂದು ಕೇಳಬೇಕು.

ಎಲ್ಲ ಬಟ್ಟೆಗೂ ಇಷ್ಟು ಶಾಖ ಬೇಡ. ಒಳಉಡುಪು, ಟವೆಲ್, ಪಂಚೆ, ಹಾಸಿಗೆ ಮತ್ತು ದಿಂಬಿನ ಹತ್ತಿಯ ಹೊದಿಕೆಗಳಿಗೆ ಸಾಕು. ಇಳಕಲ್ ಸೀರೆ, ರೇಷ್ಮೆ, ಉಣ್ಣೆಗಳನ್ನು ಬಿಸಿನೀರಿನಿಂದ ದೂರವಿಡಬೇಕು. ಅವುಗಳಿಗೆ ಅಂಟುವಾಳದ ನೊರೆಯ ತಣ್ಣೀರಿನಲ್ಲಿ ಕೈಯಿಂದ ಹಗುರಾಗಿ ತೊಳೆಯುವ ಹಳೆಯ ಕ್ರಮವೇ ಹಿತ. ಇಷ್ಟಲಿಂಗದ ವಸ್ತ್ರವನ್ನು ಯಾರೂ ಯಂತ್ರಕ್ಕೆ ಹಾಕಲಾರರು. ಪ್ರಸಂಗವಶಾತ್ ಒಂದು ಮಾತು: ಸ್ನಾನದ ನಂತರ ಒದ್ದೆ ಶಿವದಾರವನ್ನೇ ದಿನವಿಡೀ ಧರಿಸುವವರಿಗೆ ಕತ್ತಿನ ಸುತ್ತ ತುರಿಕೆಯಾಗುವುದುಂಟು. ಎರಡು ಶಿವದಾರಗಳನ್ನಿಟ್ಟುಕೊಂಡು ಒಣಗಿದುದನ್ನು ಬದಲಾಯಿಸಿ ಧರಿಸಿದರೆ ಆಯಿತು, ಅದಕ್ಕೆ ಮುಲಾಮು ಬೇಕಿಲ್ಲ.

ಇನ್ನು ಒಣಗಿಸುವ ವಿಚಾರ. ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಎರಡು ತೊಟ್ಟಿಗಳಿರುವ ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಚಿಕ್ಕ ತೊಟ್ಟಿಯನ್ನು ಅಂಗಡಿಯವರೂ ಮನೆಯವರೂ ಡ್ರೈಯರ್ ಎಂದೇ ಕರೆಯುತ್ತಾರೆ. ಅದು ಒಣಗಿಸುವುದಿಲ್ಲ, ವೇಗವಾಗಿ ತಿರುಗಿ ನೀರನ್ನು ಹಿಂಡುತ್ತದೆ ಅಷ್ಟೆ. ಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ಕೊನೆಗೆ ನಡೆಯುವ ತಿರುಗುವಿಕೆಯೂ ಹಿಂಡುವಿಕೆಯೇ. ನಿಮಿಷಕ್ಕೆ 1000 ಸುತ್ತು ತಿರುಗುವ ಫ್ರಂಟ್ ಲೋಡ್‌ನಿಂದ ಹೊರತೆಗೆದ 5 ಕಿಲೊ ಹತ್ತಿಬಟ್ಟೆಯಲ್ಲಿ ಇನ್ನೂ ಸುಮಾರು 3 ಲೀಟರ್ ನೀರು ಉಳಿದಿರುತ್ತದೆ. 1400 ಸುತ್ತಾದರೆ ಎರಡೂವರೆ ಲೀಟರ್‌ನಷ್ಟು. ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹರಡಿದರೆ ಆ ನೀರೆಲ್ಲ ಎಲ್ಲಿಗೆ ಹೋಗಬೇಕು? ಗೋಡೆಗೆ, ಹಾಸಿಗೆಗೆ, ಮನೆಯವರ ಶ್ವಾಸಕ್ಕೆ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು, ಹಾಸಿಗೆಯಲ್ಲಿ ನುಸಿ, ಮಗುವಿಗೆ ರಾತ್ರಿಯ ಕೆಮ್ಮು ಒಂದೇ ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತವೆ. ಅಂತಹ ಮಗುವಿಗೆ ಸಿತೋಪಲಾದಿ ಚೂರ್ಣವನ್ನು ಎಷ್ಟು ದಿನ ನೆಕ್ಕಿಸಿದರೂ ಹಗ್ಗ ಕೋಣೆಯಿಂದ ಹೊರಗೆ ಹೋಗುವ ತನಕ ಪೂರ್ಣ ಗುಣ ಕಾಣುವುದು ಕಷ್ಟ.

ಹಾಗಾದರೆ ಡ್ರೈಯರ್ ಬೇಕೇ? ವಿಜಯಪುರ, ರಾಯಚೂರು, ಬಳ್ಳಾರಿಯಂತಹ ಬಿಸಿಲಿನ ಸೀಮೆಯಲ್ಲಿ ತಾರಸಿಯುಳ್ಳವರಿಗೆ ಅದು ವ್ಯರ್ಥ ವೆಚ್ಚ. ಪುಕ್ಕಟೆಯಾಗಿ ಸಿಗುವ ಬಿಸಿಲನ್ನು ಬಿಟ್ಟು ವಿದ್ಯುತ್ತಿಗೆ ಹಣ ಕೊಡುವುದು ಯಾವ ವಿವೇಕ? ಮಲೆನಾಡು, ಕರಾವಳಿಗಳ ಮಾತು ಬೇರೆ. ಅಲ್ಲಿ ಹಿಂದೆ ಬಚ್ಚಲ ಹಂಡೆಯ ಒಲೆಯ ಮೇಲೆ ಬಿದಿರುಗಳ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಹೊಗೆಯ ವಾಸನೆ ಬಂದರೂ ಬಟ್ಟೆ ಗರಿಗರಿಯಾಗಿ ಇರುತ್ತಿತ್ತು. ಗೀಸರ್ ಬಂದ ಮೇಲೆ ಆ ಒಲೆ ಆರಿದೆ, ಅದರ ಜಾಗಕ್ಕೆ ಬೇರೇನೂ ಬಂದಿಲ್ಲ. ಅಂತಹ ಮನೆಗಳಲ್ಲಿ, ಬಿಸಿಲು ಬೀಳದ ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ, ಹಾಸಿಗೆ ಹಿಡಿದ ವೃದ್ಧರೋ ಹಸುಗೂಸೋ ಇದ್ದು ದಿನವೂ ಬಟ್ಟೆ ಬದಲಾಯಿಸಬೇಕಾದ ಮನೆಗಳಲ್ಲಿ ಡ್ರೈಯರನ್ನು ಭೋಗವಸ್ತು ಎನ್ನಲಾಗದು.

ಡ್ರೈಯರುಗಳಲ್ಲಿ ಮೂರು ಬಗೆ. ವೆಂಟೆಡ್ ಎಂಬುದು ತೇವದ ಬಿಸಿಗಾಳಿಯನ್ನು ಕೊಳವೆಯ ಮೂಲಕ ಹೊರಕ್ಕೆ ಬಿಡುತ್ತದೆ. ಬೆಲೆ ಕಡಿಮೆ, ಆದರೆ ಗೋಡೆಯಲ್ಲಿ ಕಿಂಡಿ ಬೇಕು. ಕೊಳವೆ ಜೋಡಿಸದೆ ಕೋಣೆಯೊಳಗೇ ಗಾಳಿ ಬಿಟ್ಟರೆ ಹಗ್ಗದ ಬಟ್ಟೆಗಿಂತ ಕಡೆ. ಕಂಡೆನ್ಸರ್ ಬಗೆಯದು ಆವಿಯನ್ನು ನೀರಾಗಿಸಿ ತೊಟ್ಟಿಯಲ್ಲಿ ಹಿಡಿದಿಡುತ್ತದೆ, ಕಿಂಡಿ ಬೇಡ, ವಿದ್ಯುತ್ ಹೆಚ್ಚು. ಹೀಟ್ ಪಂಪ್ ಬಗೆಯದು ಅದೇ ಶಾಖವನ್ನು ಮತ್ತೆ ಮತ್ತೆ ಬಳಸಿಕೊಳ್ಳುವುದರಿಂದ ಸುಮಾರು ಅರ್ಧದಷ್ಟೇ ವಿದ್ಯುತ್ ಸಾಕು. ಬೆಲೆ ಮಾತ್ರ ದುಬಾರಿ, ಸಮಯವೂ ಹೆಚ್ಚು. ಮಲೆನಾಡಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಬಳಸುವವರು ಹೀಟ್ ಪಂಪಿಗೆ ಹಣ ಹಾಕಿದರೆ ತಪ್ಪಿಲ್ಲ. ಇನ್ನು ತೊಳೆಯುವುದು, ಒಣಗಿಸುವುದು ಎರಡನ್ನೂ ಒಂದೇ ಡಬ್ಬಿಯಲ್ಲಿ ಮಾಡುವ ಯಂತ್ರಗಳಿವೆ. 8 ಕಿಲೊ ಎಂದು ಬರೆದಿದ್ದರೆ ಅದು ತೊಳೆಯುವ ಲೆಕ್ಕ, ಒಣಗಿಸುವ ಲೆಕ್ಕ 5 ಕಿಲೊ ಆಸುಪಾಸು ಇರುತ್ತದೆ. ಎರಡು ಕಂತಿನಲ್ಲಿ ಒಣಗಿಸಬೇಕಾದೀತು. ಜಾಗವಿಲ್ಲದ ಚಿಕ್ಕ ಕುಟುಂಬಕ್ಕೆ ಇದು ಆದೀತು, ಏಳೆಂಟು ಜನರ ಅವಿಭಕ್ತ ಕುಟುಂಬಕ್ಕೆ ಒಗ್ಗದು.

ಡ್ರೈಯರಿನ ಬಿಸಿಗಾಳಿಯೇ ರೋಗಬೀಜವನ್ನು ಸುಡುತ್ತದೆ, ತಣ್ಣೀರಿನಲ್ಲಿ ತೊಳೆದರೂ ಆದೀತು ಎಂದು ಭಾವಿಸಬಾರದು. ಶಿಲೀಂಧ್ರದ ಮಟ್ಟಿಗೆ ಆ ಶಾಖವನ್ನಷ್ಟೇ ನೆಚ್ಚುವಂತಿಲ್ಲ. ಹೀಟ್ ಪಂಪಿನ ಶಾಖವಂತೂ ಇನ್ನೂ ಮಂದ. ತೊಳೆಯುವಾಗಲೇ 60 ಡಿಗ್ರಿ ಆಗಬೇಕು, ಆಮೇಲೆ ಸಂಪೂರ್ಣ ಒಣಗಬೇಕು. ತದ್ದು ಇರುವವರ ಬಟ್ಟೆಯನ್ನು ಮನೆಯ ಉಳಿದವರ ಬಟ್ಟೆಯೊಡನೆ ತಣ್ಣೀರಿನಲ್ಲಿ ಕಲಸಿ ತೊಳೆಯುವುದರಿಂದ ರೋಗವನ್ನು ಹಂಚಿದಂತಾಗುತ್ತದೆ. ಒಣಗಿದ ಮೇಲೆ ಹೊಲಿಗೆ, ಸೊಂಟಪಟ್ಟಿಗಳ ಮೇಲೆ ಒಳಭಾಗದಿಂದ ಬಿಸಿ ಇಸ್ತ್ರಿ ಆಡಿಸಿದರೆ ಇನ್ನೂ ಒಳ್ಳೆಯದು. ಇದರ ಜೊತೆಗೆ ಮನೆಯಲ್ಲಿ ತುರಿಕೆ ಇರುವ ಎಲ್ಲರೂ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ದದ್ರುಘ್ನವೆಂದೇ ಹೆಸರಾದ ತಗಚೆಯ ಬೀಜದ ಲೇಪವಿರಲಿ, ಆಧುನಿಕ ಔಷಧವಿರಲಿ, ವೈದ್ಯರು ಹೇಳಿದಷ್ಟು ದಿನ ಬಿಡದೆ ಮಾಡಬೇಕು. ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ಮರುದಿನವೇ ತಗ್ಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಿಸುತ್ತವೆ. ಇಂದು ತದ್ದು ಹಠಮಾರಿಯಾಗಿರುವುದಕ್ಕೆ ಅವುಗಳ ದುರ್ಬಳಕೆಯೂ ಒಂದು ದೊಡ್ಡ ಕಾರಣ.

ಕೊಳವೆಬಾವಿಯ ಗಡಸು ನೀರಿನ ಊರುಗಳವರು ಇನ್ನೊಂದನ್ನು ಗಮನಿಸಬೇಕು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ, ಬೇರೆ ನೀರಿಲ್ಲದ ಕಡೆ 600ರವರೆಗೆ ಅನುಮತಿಸುತ್ತದೆ. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಈ ಲೆಕ್ಕದಲ್ಲಿ ಬಹಳ ಗಡಸು. ಅಂತಹ ನೀರಿನಲ್ಲಿ ನೊರೆ ಬಾರದೆಂದು ಪುಡಿಯನ್ನು ಎರಡು ಪಾಲು ಸುರಿಯುತ್ತಾರೆ. ಜಾಲಿಸಿದರೂ ಹೋಗದ ಪುಡಿ ಬಟ್ಟೆಯಲ್ಲಿಯೇ ಉಳಿದು, ಬೆವರಿನೊಡನೆ ಕರಗಿ ಚರ್ಮವನ್ನು ಕೆರಳಿಸುತ್ತದೆ. ಸೊಂಟ, ಕತ್ತು, ಕಂಕುಳಲ್ಲಿ ಹೀಗೆ ಆಗುವ ಕೆಂಪು ತುರಿಕೆಯನ್ನು ತದ್ದೆಂದು ಭ್ರಮಿಸಿ ಔಷಧ ಹಚ್ಚಿಕೊಂಡವರೂ ಉಂಟು. ಹೆಚ್ಚು ಸಲ ಜಾಲಿಸುವ ಆಯ್ಕೆ ಇರುವ ಯಂತ್ರವು ಇಂತಹವರಿಗೆ ತಕ್ಕದ್ದು. ಫ್ರಂಟ್ ಲೋಡ್‌ಗೆ ಅದಕ್ಕೆಂದೇ ಇರುವ ಕಡಿಮೆ ನೊರೆಯ ಪುಡಿಯನ್ನೇ ಅಳತೆಯಿಂದ ಬಳಸಬೇಕು. ಗಡಸು ನೀರು ಹೀಟರಿನ ಮೇಲೆ ಸುಣ್ಣದ ಪದರವನ್ನು ಕಟ್ಟುವುದರಿಂದ ಕೆಲವು ತಿಂಗಳಿಗೊಮ್ಮೆ ಅದನ್ನು ಕರಗಿಸುವ ಪುಡಿ ಹಾಕಿ ಖಾಲಿ ಯಂತ್ರವನ್ನು ಓಡಿಸಬೇಕು.

ತೂಕದ ಲೆಕ್ಕದಲ್ಲಿ ನಾಲ್ಕು ಜನರ ಕುಟುಂಬಕ್ಕೆ 7 ಕಿಲೊ ಸಾಕು. ಆದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯ ಪ್ರಶ್ನೆ ಬರುತ್ತದೆ. ಪದರ ಪದರವಾಗಿ ಹೊಲಿದ ಕೌದಿ ನೀರು ಹೀರಿದರೆ ಇಬ್ಬರು ಎತ್ತಬೇಕು. ಕೊಳ್ಳುವ ಮುನ್ನ ಮನೆಯ ಕೌದಿಯನ್ನು ಒಣಗಿದಾಗಲೇ ತೂಗಿ ನೋಡಿ. ಯಂತ್ರದ ಮಿತಿಯ ಅಂಚಿನಲ್ಲಿದ್ದರೆ ಅದನ್ನು ಹೊಳೆದಂಡೆಗೆ, ತಾರಸಿಯ ಬಿಸಿಲಿಗೆ ಬಿಡುವುದೇ ಸರಿ. ಒಂದೇ ಕಡೆಗೆ ಭಾರ ಬಿದ್ದು ಯಂತ್ರ ಕೆಡುತ್ತದೆ. ಕಂಬಳಿಯನ್ನಂತೂ ಹಾಕಲೇಬಾರದು.

ಬಟ್ಟೆ ತೊಳೆಯುವವರ ದೇಹದ ಬಗ್ಗೆ ಅಂಗಡಿಯಲ್ಲಿ ಯಾರೂ ವಿಚಾರಿಸುವುದಿಲ್ಲ. ಸೆಮಿ ಆಟೋಮ್ಯಾಟಿಕ್ ಅಗ್ಗವಾದರೂ ನೀರು ಕುಡಿದ ಬಟ್ಟೆಯನ್ನು ಬಗ್ಗಿ ಎತ್ತಿ ಇನ್ನೊಂದು ತೊಟ್ಟಿಗೆ ಹಾಕುವ ಕೆಲಸ ನಡುನೋವಿನವರಿಗೆ ತೊಂದರೆ. ಸದಾ ಸೋಪಿನ ನೀರಿನಲ್ಲಿ ಕೈಯಾಡಿಸುವ ತಾಯಂದಿರಿಗೆ ಬೆರಳ ಸಂದಿನ ಬಿರುಕು, ಉಗುರಿನ ಸುತ್ತ ಬಾವು ಬರುವುದನ್ನು ನಾವು ನಿತ್ಯವೂ ನೋಡುತ್ತೇವೆ. ಮೊಣಕಾಲು ಮಡಚಲಾಗದ ಹಿರಿಯರೇ ಬಟ್ಟೆ ಹಾಕುವವರಾದರೆ ಟಾಪ್ ಲೋಡ್ ಅನುಕೂಲ, ನೀರು ಹೆಚ್ಚು ಬೇಕಾದರೂ ಚಿಂತೆಯಿಲ್ಲ. ಆದರೆ ಹೀಟರ್ ಇರುವುದನ್ನೇ ಹುಡುಕಬೇಕು. ಫ್ರಂಟ್ ಲೋಡ್ ತಂದಿದ್ದರೆ ಗಟ್ಟಿಯಾದ ಪೀಠದ ಮೇಲೆ ಎತ್ತರಿಸಿ ಇಡಬೇಕು. ಹೀಟರ್ ಇರುವ ಯಾವ ಯಂತ್ರಕ್ಕೂ ಸರಿಯಾದ ಅರ್ಥಿಂಗ್ ಮತ್ತು 16 ಆಂಪಿಯರ್ ಸಾಕೆಟ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಮೊದಲೇ ನೋಡಿಸಬೇಕು. ಒದ್ದೆ ಕೈ, ಒದ್ದೆ ನೆಲ ಇರುವ ಜಾಗವದು.

ತಂದ ಮೇಲೆ ಯಂತ್ರವೇ ರೋಗದ ಗೂಡಾಗದಂತೆ ನೋಡಿಕೊಳ್ಳಬೇಕು. ಫ್ರಂಟ್ ಲೋಡಿನ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯಲ್ಲಿ ನೀರು, ಕೂದಲು, ನೂಲಿನ ಎಳೆಗಳು ನಿಂತು ಕಪ್ಪು ಬೂಷ್ಟು ಕಟ್ಟುತ್ತದೆ. ಪ್ರತಿಸಲವೂ ಒಣಬಟ್ಟೆಯಿಂದ ಒರೆಸಿ ಬಾಗಿಲನ್ನು ಸ್ವಲ್ಪ ತೆರೆದಿಡಬೇಕು; ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಕೋಣೆಯ ಬಾಗಿಲನ್ನು ಹಾಕಿರಬೇಕು. ತೊಳೆದಾದ ಬಟ್ಟೆಯನ್ನು ರಾತ್ರಿಯಿಡೀ ಒಳಗೇ ಬಿಟ್ಟು ಮುಗ್ಗಲು ವಾಸನೆ ಬಂದಿದ್ದರೆ ಮತ್ತೊಮ್ಮೆ ತೊಳೆಯಬೇಕು, ಸೆಂಟಿನ ದ್ರವ ಹಾಕಿ ವಾಸನೆಯನ್ನು ಮುಚ್ಚಬಾರದು. ಡ್ರೈಯರಿನ ಜಾಳಿಗೆಯಲ್ಲಿ ಸೇರುವ ನೂಲಿನ ಹಿಂಜನ್ನು ಪ್ರತಿಸಲವೂ ತೆಗೆಯಬೇಕು. ಅದು ಬಿಸಿಗೆ ಬೆಂಕಿ ಹಿಡಿಯಬಲ್ಲದು. ಆದುದರಿಂದ ಡ್ರೈಯರ್ ಓಡುತ್ತಿರುವಾಗ ಮನೆಗೆ ಬೀಗ ಹಾಕಿ ಹೊರಡಬಾರದು. ಅಭ್ಯಂಗದ ಎಣ್ಣೆ ಹತ್ತಿದ ಟವೆಲ್, ಪಂಚೆಗಳು ತೊಳೆದ ಮೇಲೂ ಜಿಡ್ಡನ್ನು ಉಳಿಸಿಕೊಂಡಿರುವುದರಿಂದ ಅವನ್ನು ಡ್ರೈಯರಿಗೆ ಹಾಕದೆ ಹಗ್ಗದ ಮೇಲೆಯೇ ಒಣಗಿಸತಕ್ಕದ್ದು.