ಮನೆಯಲ್ಲಿಟ್ಟ ಬಂದೂಕಿಗೆ ತುಕ್ಕು ಹಿಡಿಯದಿರಲು

ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಪರವಾನಗಿ ಪಡೆದ ಬಂದೂಕು ವರ್ಷದ ಬಹುಪಾಲು ಹಾರುವುದೇ ಇಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾದ ಮೇಲೆ ಗುಡ್ಡದಂಚಿನ ಹೊಲಗಳಲ್ಲಿ ಅದನ್ನು ಹೊರತೆಗೆಯಲು ಇನ್ನಷ್ಟು ಯೋಚಿಸಬೇಕು. ಹೀಗಾಗಿ ಪಾಯಿಂಟ್ 315 ಬೋರಿನ ರೈಫಲ್ ಆಗಲಿ, 12 ಬೋರಿನ ಬಂದೂಕಾಗಲಿ ಕೆಡುವುದು ಹೆಚ್ಚಾಗಿ ಇಟ್ಟ ಜಾಗದಲ್ಲೇ. ಬೇಸಿಗೆಯಲ್ಲಿ ಎರೆಹೊಲದ ನುಣ್ಣನೆಯ ಧೂಳು ಎಣ್ಣೆಗೆ ಅಂಟುತ್ತದೆ. ಮಳೆಗಾಲದ ತೇವ ಉಕ್ಕನ್ನು ತಿನ್ನುತ್ತದೆ.

ಮೊದಲ ಕೆಲಸ, ಗುಂಡು ತೆಗೆಯುವುದು. ಮ್ಯಾಗಜಿನ್ ಖಾಲಿ ಮಾಡಿ, ಬೋಲ್ಟ್ ಹಿಂದಕ್ಕೆಳೆದು, ಗುಂಡು ಕೂರುವ ಗೂಡನ್ನು ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಬಳಿಕ ಬಟ್ಟೆ ಸುತ್ತಿದ ಸಲಾಕೆಯಿಂದ ನಳಿಗೆ ಒರೆಸಬೇಕು. ಸಾಧ್ಯವಿದ್ದಲ್ಲೆಲ್ಲ ಸಲಾಕೆ ಹಿಂಬದಿಯಿಂದಲೇ ಹೋಗಬೇಕು. ಮೂತಿಯ ಅಂಚು ಉಜ್ಜಿ ಸವೆದರೆ ಗುರಿ ಕೆಡುತ್ತದೆ. ಕರಿಮದ್ದಿನ ಬಂದೂಕಿನ ಮಸಿ ಗಾಳಿಯ ತೇವ ಹೀರುತ್ತದೆ. ಅದನ್ನು ಕಳೆಯಲು ಎಣ್ಣೆ ಸಾಲದು: ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಂತರ ಎಣ್ಣೆ ಸವರಬೇಕು.

ಹೆಚ್ಚಿನವರು ಎಡವುವುದು ಎಣ್ಣೆಯಲ್ಲಿ. ಈ ಸೀಮೆಯ ಮನೆಗಳಲ್ಲಿ ಕುಸುಬಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಬೋಲ್ಟಿಗೆ, ಕುದುರೆಗೆ ಹಚ್ಚಿದರೆ ಕೆಲವೇ ತಿಂಗಳಲ್ಲಿ ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಶೇಂಗಾ ಎಣ್ಣೆಯೂ ಕ್ರಮೇಣ ಜಿಗುಟಾಗುತ್ತದೆ. ಕಬ್ಬಿಣದ ಭಾಗಗಳಿಗೆ ಗನ್ ಎಣ್ಣೆ ಬೇಕು, ಅದಿಲ್ಲದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆ. ಅಗಸೆ ಎಣ್ಣೆ ಮಾತ್ರ ಒಣಗುವ ಗುಣದಿಂದಲೇ ಮರದ ಹಿಡಿಗೆ ಒಳ್ಳೆಯದು: ಒಣಗಿದ ಪದರ ತೇವವನ್ನು ತಡೆಯುತ್ತದೆ. ಎಲ್ಲಿಯೂ ತೆಳ್ಳಗಿನ ಲೇಪ ಸಾಕು. ಕೊನೆಗೆ ಬೆವರಿನ ಕೈ ತಾಗಿದ ಕಡೆ ಇನ್ನೊಮ್ಮೆ ಒರೆಸಬೇಕು, ಬೆವರಿನ ಉಪ್ಪೇ ತುಕ್ಕಿಗೆ ಬೀಜ.

ಚರ್ಮದ ಚೀಲ ಸಾಗಿಸಲಿಕ್ಕೆ ಸರಿ, ಇಡಲಿಕ್ಕಲ್ಲ. ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಕವರಿನೊಳಗೂ ನೀರು ಬೆವರುತ್ತದೆ. ಮೇಲ್ಮುದ್ದೆ ಮನೆಯ ಮಣ್ಣಿನ ಗೋಡೆಗೆ ಆನಿಸಿಡುವುದು, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು, ಹಳೆಯ ಹಗೇವಿನಲ್ಲಿ ಬಚ್ಚಿಡುವುದು ಮೂರೂ ತಪ್ಪು. ಒಳಗೋಡೆಗೆ ಭದ್ರವಾಗಿ ಬಿಗಿದ, ಬೀಗವಿರುವ ಉಕ್ಕಿನ ಕಪಾಟು ಸೂಕ್ತ. ಬಹುಕಾಲ ಇಡುವುದಾದರೆ ಮೂತಿ ಕೆಳಗಿರಲಿ. ಮೇಲಾದರೆ ಎಣ್ಣೆ ಇಳಿದು ಮರದ ಹಿಡಿಯನ್ನು ಮೆತ್ತಗಾಗಿಸುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ತೇವಾಂಶ ಶೇ 40ರಿಂದ 50ರೊಳಗಿದ್ದರೆ ಉಕ್ಕಿಗೂ ಮರಕ್ಕೂ ಕ್ಷೇಮ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಬೇಕು.

ತೋಟಾಗಳನ್ನು ಬೇರೆಡೆ, ಒಣ ಜಾಗದಲ್ಲಿ, ಬೇರೆ ಬೀಗದಡಿ ಇಡಬೇಕು. ಮಕ್ಕಳಿಗೆ ಎರಡೂ ಕೀಲಿಕೈ ಸಿಗಬಾರದು.

ಚುನಾವಣೆ ಬಂದಾಗ ಜಿಲ್ಲಾಡಳಿತದ ಆದೇಶದಂತೆ ಪೊಲೀಸ್ ಠಾಣೆಗೆ ಆಯುಧ ಒಪ್ಪಿಸಬೇಕಾಗಬಹುದು. ಠಾಣೆಯಲ್ಲಿ ಅದು ವಾರಗಟ್ಟಲೆ ಇರುತ್ತದೆ, ಎಣ್ಣೆ ಹಚ್ಚುವವರಿರುವುದಿಲ್ಲ. ಒಪ್ಪಿಸುವ ಹಿಂದಿನ ದಿನವೇ ಶುಚಿಮಾಡಿ, ಎಂದಿಗಿಂತ ತುಸು ದಪ್ಪಗೆ ಎಣ್ಣೆ ಸವರಿ, ನಳಿಗೆಯ ಸಂಖ್ಯೆಯೊಂದಿಗೆ ರಸೀದಿ ಪಡೆಯಬೇಕು. ಮರಳಿ ತಂದ ದಿನ ಆ ಎಣ್ಣೆಯನ್ನು ಒರೆಸಿ, ಮೊದಲಿನಿಂದ ಶುಚಿಮಾಡಬೇಕು. ಪರವಾನಗಿದಾರರು ತೀರಿಕೊಂಡರೆ ಮನೆಯವರು ಬಂದೂಕನ್ನು ಕಪಾಟಿನಲ್ಲಿ ಉಳಿಸಿಕೊಳ್ಳುವಂತಿಲ್ಲ. ತಡಮಾಡದೆ ಠಾಣೆಗೋ ಪರವಾನಗಿ ಇರುವ ಆಯುಧ ವ್ಯಾಪಾರಿಗೋ ಒಪ್ಪಿಸಬೇಕು.