ಗೆರೆ ಎಳೆದ ಮೇಲೆ: ಕೊರಿಯಾದ ಗಡಿ ನೋಡಲು ಹೊರಟವರಿಗೆ

ಸೋಲ್‌ಗೆ ಹೋದವರಲ್ಲಿ ಬಹಳಷ್ಟು ಜನ ಅರ್ಧ ದಿನದ ಟೂರ್ ಬಸ್ಸು ಹತ್ತಿ ಉತ್ತರ ಕೊರಿಯಾದ ಗಡಿ ನೋಡಿ ಬರುತ್ತಾರೆ. ದುರ್ಬೀನಿನಲ್ಲಿ ಆಚೆಯ ಬೆಟ್ಟ ಕಾಣುತ್ತದೆ, ಫೋಟೊ ಆಗುತ್ತದೆ, ಮಧ್ಯಾಹ್ನದ ಊಟಕ್ಕೆ ವಾಪಸ್. ಶರತ್ಕಾಲದಲ್ಲಿ ಹೋಗಿಬಂದ ಮೈಸೂರಿನ ನಿವೃತ್ತ ಇತಿಹಾಸ ಅಧ್ಯಾಪಕಿಯೊಬ್ಬರಿಗೆ ಅಷ್ಟು ಸಾಲಲಿಲ್ಲ. "ನಾನೂ ಹೊರಟಿದ್ದೀನಿ ಮೇಡಂ, ಏನೇನು ನೋಡ್ಲಿ?" ಎಂದು ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದು, "ಗಡಿಗೆ ಆಮೇಲೆ ಹೋಗಮ್ಮ. ಆ ಗೆರೆ ಎಳೆದೋರು ಯಾರು ಅಂತ ಮೊದಲು ತಿಳ್ಕೊ."

ಎಳೆದವರು ಕೊರಿಯಾದವರಲ್ಲ. 1910ರಿಂದ ಜಪಾನಿನ ಹಿಡಿತದಲ್ಲಿದ್ದ ದೇಶಕ್ಕೆ 1945ರ ಆಗಸ್ಟ್‌ನಲ್ಲಿ ಬಿಡುಗಡೆ ಹತ್ತಿರವಾಗಿತ್ತು. ಸೋವಿಯತ್ ಸೇನೆ ಉತ್ತರದಿಂದ ಇಳಿಯುತ್ತಿತ್ತು, ಅಮೆರಿಕದ ಸೇನೆ ಇನ್ನೂ ದೂರದಲ್ಲಿತ್ತು. ಆಗಸ್ಟ್ 10ರ ರಾತ್ರಿ ವಾಷಿಂಗ್ಟನ್ನಿನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳಿಗೆ ಒಂದು ಕೆಲಸ ಒಪ್ಪಿಸಲಾಯಿತು: ಜಪಾನಿ ಸೈನಿಕರು ಎಲ್ಲಿಯವರೆಗೆ ಯಾರಿಗೆ ಶರಣಾಗಬೇಕು ಎಂದು ಗುರುತು ಮಾಡಿ. ಅವರ ಕೈಯಲ್ಲಿದ್ದದ್ದು ನ್ಯಾಷನಲ್ ಜಿಯೋಗ್ರಾಫಿಕ್‌ನ ಭೂಪಟ, ಕೊಟ್ಟ ಸಮಯ ಸುಮಾರು ಅರ್ಧ ಗಂಟೆ. ರಾಜಧಾನಿ ಸೋಲ್ ಅಮೆರಿಕದ ಕಡೆ ಉಳಿಯುವಂತೆ ಅವರು 38ನೇ ಅಕ್ಷಾಂಶ ರೇಖೆಯನ್ನು ಆರಿಸಿದರು. ಸ್ಟಾಲಿನ್ ಒಪ್ಪಿಕೊಂಡ. ಆ ಗೆರೆಯ ಎರಡೂ ಕಡೆ ಬದುಕುತ್ತಿದ್ದವರನ್ನು ಒಂದು ಮಾತು ಕೇಳಿದವರಿಲ್ಲ.

ಹಾಗಾಗಿ ಸೋಲ್‌ನಲ್ಲಿ ಮೊದಲ ದಿನವನ್ನು ಗ್ಯೊಂಗ್ಯೊಜಾಂಗ್ ಎಂಬ ಮನೆಗೆ ಮೀಸಲಿಡಬೇಕು. ಮಾರ್ಗದರ್ಶಿ ಪುಸ್ತಕಗಳು ಇದಕ್ಕೆ ಎರಡು ಸಾಲು ಕೊಟ್ಟರೆ ಹೆಚ್ಚು. ಸಬ್‌ವೇ 5ನೇ ಲೈನಿನ ಸೋದೆಮುನ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ದೊಡ್ಡ ಆಸ್ಪತ್ರೆಯೊಂದರ ಆವರಣದೊಳಗೇ ಸಿಗುತ್ತದೆ. ಆಸ್ಪತ್ರೆ ಅಂದುಕೊಂಡು ಹಿಂದಿರುಗಬಾರದು. ಟಿಕೆಟ್ ಇಲ್ಲ, ಸೋಮವಾರ ರಜೆ. ದೇಶಭ್ರಷ್ಟ ಸರ್ಕಾರವನ್ನು ಚೀನಾದಿಂದ ನಡೆಸಿದ ಕಿಮ್ ಕು ಇಲ್ಲಿ ವಾಸವಾಗಿದ್ದರು. ದಕ್ಷಿಣದಲ್ಲಿ ಮಾತ್ರ ಚುನಾವಣೆ ನಡೆದರೆ ದೇಶ ಎರಡಾಗುವುದು ಖಚಿತವೆಂದು ಅವರು 1948ರ ಏಪ್ರಿಲ್‌ನಲ್ಲಿ ತಾವೇ ಗೆರೆ ದಾಟಿ ಪ್ಯೊಂಗ್ಯಾಂಗ್‌ಗೆ ಹೋಗಿ ಮಾತಾಡಿದರು. ಫಲಿಸಲಿಲ್ಲ. ಮೇ ತಿಂಗಳಲ್ಲಿ ದಕ್ಷಿಣದಲ್ಲಷ್ಟೇ ಮತದಾನವಾಯಿತು. ಆಗಸ್ಟ್ 15ಕ್ಕೆ ಸಿಂಗ್‌ಮನ್ ರೀ ನೇತೃತ್ವದಲ್ಲಿ ದಕ್ಷಿಣದ ಗಣರಾಜ್ಯ, ಸೆಪ್ಟೆಂಬರ್ 9ಕ್ಕೆ ಕಿಮ್ ಇಲ್ ಸುಂಗ್ ನೇತೃತ್ವದಲ್ಲಿ ಉತ್ತರದ ಗಣರಾಜ್ಯ. ಮರುವರ್ಷ ಜೂನ್‌ನಲ್ಲಿ ಇದೇ ಮನೆಯ ಮಹಡಿಯಲ್ಲಿ ಕಿಮ್ ಕು ಗುಂಡೇಟಿಗೆ ಬಲಿಯಾದರು. ಗುಂಡು ತೂರಿದ ಗುರುತನ್ನು ಕಿಟಕಿಯ ಗಾಜಿನಲ್ಲಿ ತೋರಿಸಿದ್ದಾರೆ. ಅಧ್ಯಾಪಕಿ ಆ ಕಿಟಕಿಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ.

1950ರಲ್ಲಿ ಎರಡೂ ಕಡೆಯ ನಡುವೆ ಯುದ್ಧವೇ ಶುರುವಾಯಿತು. ಹಾಗಾಗಿ ಮರುದಿನ ಸಮ್‌ಗಕ್‌ಜಿ ನಿಲ್ದಾಣದ ಬಳಿಯ ಯುದ್ಧ ಸ್ಮಾರಕ. ಇದೂ ಉಚಿತ, ಇದಕ್ಕೂ ಸೋಮವಾರ ರಜೆ. ಟ್ಯಾಂಕು, ವಿಮಾನಗಳಿಗೆ ಹೆಚ್ಚು ಸಮಯ ಕೊಡುವುದು ಬೇಡ. ಹೊರಗಿರುವ ಅಣ್ಣತಮ್ಮಂದಿರ ಪ್ರತಿಮೆ ನೋಡಿ: ದಕ್ಷಿಣದ ಸೇನೆಯ ಅಣ್ಣ, ಉತ್ತರದ ಸೇನೆಯ ತಮ್ಮ, ರಣರಂಗದಲ್ಲಿ ಎದುರಾಗಿ ಅಪ್ಪಿಕೊಂಡಿದ್ದಾರೆ, ಕಾಲಡಿಯ ಗುಮ್ಮಟ ಬಿರುಕು ಬಿಟ್ಟಿದೆ. ಒಳಗೆ, ನೆರವಿಗೆ ಬಂದ ದೇಶಗಳ ವಿಭಾಗದಲ್ಲಿ ಭಾರತದ ಹೆಸರೂ ಇದೆ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಘಟಕ ಬಂದೂಕು ಹಿಡಿಯಲು ಬಂದದ್ದಲ್ಲ, ಗಾಯಾಳುಗಳ ಆರೈಕೆಗೆ ಬಂದದ್ದು.

ಕನ್ನಡಿಗರಿಗೆ ಇನ್ನೂ ಹತ್ತಿರದ ಹೆಸರು ಕೊಡಗಿನ ಕೆ.ಎಸ್. ತಿಮ್ಮಯ್ಯ. 1953ರ ಜುಲೈ 27ರಂದು ಪಾನ್‌ಮುನ್‌ಜೊಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ದಕ್ಷಿಣ ಕೊರಿಯಾ ಮಾತ್ರ ಸಹಿ ಹಾಕಲಿಲ್ಲ. ತಾಯ್ನಾಡಿಗೆ ಮರಳಲು ಒಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿಯೇನು ಎಂಬುದು ಉಳಿದಿತ್ತು. ಅದನ್ನು ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾದರು. ಆ ಕೈದಿಗಳನ್ನು ಕಾಯಲು ಬಂದ ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದೆಂದು ರೀ ಹಟ ಹಿಡಿದದ್ದರಿಂದ ಅವರನ್ನು ಇಂಚೊನ್ ಬಂದರಿನಿಂದ ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಸಾಗಿಸಬೇಕಾಯಿತು. ಯಾವ ಕಡೆಯೂ ಬೇಡವೆಂದ 88 ಕೈದಿಗಳು ಕೊನೆಗೆ ಭಾರತದವರ ಜೊತೆ ಹಡಗು ಹತ್ತಿದರು. ಹೊರಡುವ ಮುನ್ನ ಬಿಡುವಾದರೆ ಮಡಿಕೇರಿಯ 'ಸನ್ನಿ ಸೈಡ್' ನೋಡಿಬರುವುದು ಒಳ್ಳೆಯದು. ತಿಮ್ಮಯ್ಯನವರ ಆ ಮನೆ ಈಗ ವಸ್ತುಸಂಗ್ರಹಾಲಯ.

ಇನ್ನು ಗಡಿ. ನಾಗರಿಕರ ಓಡಾಟಕ್ಕೆ ನಿರ್ಬಂಧವಿರುವ ಜಾಗವಾದ್ದರಿಂದ ಟೂರ್ ಬಸ್ಸೇ ಅನುಕೂಲ, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಬುಕ್ ಮಾಡುವಾಗ ಕೇಳಲೇಬೇಕಾದ ಪ್ರಶ್ನೆ ಒಂದೇ: ದಾರಿಯಲ್ಲಿ ಅಂಗಡಿಗೆ ನಿಲ್ಲಿಸುತ್ತೀರಾ? ಅಧ್ಯಾಪಕಿ ಹೋದ ಬಸ್ಸಿನ ಗೈಡ್ ಎಲ್ಲರನ್ನೂ ಜಿನ್ಸೆಂಗ್ ಮಾರುವ ಮಳಿಗೆಯೊಂದರಲ್ಲಿ ಒಂದು ಗಂಟೆ ಕೂರಿಸಿದ. ಗಡಿಯಾಚೆ ನೋಡುವ ದೋರಾ ವೀಕ್ಷಣಾಲಯಕ್ಕೆ ಉಳಿದದ್ದು ಇಪ್ಪತ್ತೇ ನಿಮಿಷ. ಅಷ್ಟು ದೂರದಿಂದ ಹೋದವರಿಗೆ ಇದು ಅನ್ಯಾಯ, ಹಾಗೆಂದು ಅವರು ಗೈಡ್‌ಗೆ ನೇರವಾಗಿಯೇ ಹೇಳಿದರು. ಎರಡು ಕಾಸು ಹೆಚ್ಚಾದರೂ ಅಂಗಡಿಗೆ ನಿಲ್ಲಿಸದ ಟೂರ್ ಹಿಡಿಯಿರಿ.

1978ರಲ್ಲಿ ಪತ್ತೆಯಾದ ಮೂರನೇ ಸುರಂಗಕ್ಕೆ ಹೆಲ್ಮೆಟ್ ಹಾಕಿ ಇಳಿಯಬೇಕು. ಉತ್ತರದವರು ದಾಳಿಗಾಗಿ 73 ಮೀಟರ್ ಆಳದಲ್ಲಿ ಕೊರೆದದ್ದೆಂಬುದು ದಕ್ಷಿಣದವರ ಮಾತು. ಇಳಿಜಾರು ಕಡಿದು, ಹತ್ತುವಾಗ ಮಂಡಿ ನೋವಿದ್ದವರಿಗೆ ಕಷ್ಟ. ಬಿಟ್ಟರೆ ನಷ್ಟವಿಲ್ಲ. ಇಮ್‌ಜಿಂಗಾಕ್ ಮಾತ್ರ ಬಿಡಬೇಡಿ. ಸಾವಿರಕ್ಕೂ ಹೆಚ್ಚು ಗುಂಡಿನ ಗುರುತುಗಳಿರುವ ತುಕ್ಕು ಹಿಡಿದ ರೈಲು ಎಂಜಿನ್ ಅಲ್ಲಿದೆ. ಪಕ್ಕದಲ್ಲಿ ಮಾಂಗ್‌ಬೇದಾನ್ ಎಂಬ ವೇದಿಕೆ. ಉತ್ತರದಲ್ಲಿ ಮನೆಮಠ ಬಿಟ್ಟುಬಂದವರು ಚುಸಾಕ್ ಹಬ್ಬದಲ್ಲೂ ಹೊಸವರ್ಷದಲ್ಲೂ ಇಲ್ಲಿ ಎಡೆಯಿಟ್ಟು, ಆಚೆ ಮಣ್ಣಾದ ಹಿರಿಯರಿಗೆ ಉತ್ತರಕ್ಕೆ ಮುಖಮಾಡಿ ಅಡ್ಡಬೀಳುತ್ತಾರೆ. ನಮ್ಮ ಪಿತೃಪಕ್ಷ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪಾನ್‌ಮುನ್‌ಜೊಮ್‌ನ ನೀಲಿ ಕಟ್ಟಡಗಳ ಆಸೆ ಇಟ್ಟುಕೊಂಡು ಪ್ರವಾಸ ಹೆಣೆಯುವುದು ಬೇಡ: 2023ರ ಜುಲೈನಲ್ಲಿ ಅಮೆರಿಕದ ಸೈನಿಕನೊಬ್ಬ ಟೂರ್ ನಡುವೆಯೇ ಉತ್ತರಕ್ಕೆ ಓಡಿಹೋದ ಮೇಲೆ ಅಲ್ಲಿಗೆ ಪ್ರವೇಶ ನಂಬುವಂತಿಲ್ಲ.

ಒಂದು ದಿನ ಹೆಚ್ಚಿದ್ದರೆ ಚೊರ್‌ವೊನ್. ಬಸ್ಸು ದೋಂಗ್‌ಸೋಲ್ ಟರ್ಮಿನಲ್‌ನಿಂದ. ಇಳಿದ ಮೇಲೆ ಊರೊಳಗಿನ ಬಸ್ಸುಗಳು ವಿರಳ, ಟ್ಯಾಕ್ಸಿಗೆ ದುಡ್ಡು ತೆಗೆದಿಟ್ಟಿರಬೇಕು. ಫೋನಿನಲ್ಲಿ ನೇವರ್ ಮ್ಯಾಪ್ ಇರಲಿ, ಗೂಗಲ್ ಅಲ್ಲಿ ಕೈಕೊಡುತ್ತದೆ. ಹೊಲಗಳ ಬದಿಯಲ್ಲಿ ನಿಂತಿರುವ ಕಾರ್ಮಿಕರ ಪಕ್ಷದ ಕಚೇರಿ ಉತ್ತರದವರು 1946ರಲ್ಲಿ ಕಟ್ಟಿದ್ದು, ಈಗ ಗುಂಡು ತಿಂದ ಗೋಡೆಗಳಷ್ಟೇ ಉಳಿದಿವೆ. ಅದು ದಕ್ಷಿಣದಲ್ಲಿ ಹೇಗೆ ಎಂದು ಅಚ್ಚರಿಯಾಗುತ್ತದೆ. ಯುದ್ಧಕ್ಕೆ ಮುಂಚೆ ಚೊರ್‌ವೊನ್ ಗೆರೆಯ ಉತ್ತರಕ್ಕಿತ್ತು, ಯುದ್ಧ ನಿಂತಾಗ ದಕ್ಷಿಣಕ್ಕೆ ಬಂತು. ಹಳೆಯ ರಾಜಧಾನಿ ಕೇಸಾಂಗ್‌ನ ಕಥೆ ಇದಕ್ಕೆ ತಿರುವುಮುರುವು: ದಕ್ಷಿಣದಲ್ಲಿದ್ದದ್ದು ಉತ್ತರದ ಪಾಲಾಯಿತು. 1950ರಿಂದ 53ರವರೆಗೆ ಲಕ್ಷಾಂತರ ಜನ ಸತ್ತು, ಗೆರೆ ಕದಲಿದ್ದು ಇಷ್ಟೇ.

ಕೊನೆಯ ನಿಲ್ದಾಣ ಪೂರ್ವ ಕರಾವಳಿಯ ಸೊಕ್‌ಚೊ. ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿನ ಅಬಾಯಿ ಹಳ್ಳಿಯಲ್ಲಿ ಕಳೆಯಬೇಕೆಂಬುದು ಅಧ್ಯಾಪಕಿಯ ಖಚಿತ ಅಭಿಪ್ರಾಯ. ಹಾಮ್‌ಗ್ಯೊಂಗ್ ಪ್ರಾಂತ್ಯದಿಂದ ಓಡಿಬಂದವರು, ಇನ್ನೇನು ಯುದ್ಧ ಮುಗಿದರೆ ಊರಿಗೆ ಹೊರಡೋಣವೆಂದು ಮರಳದಂಡೆಯ ಮೇಲೆ ಗುಡಿಸಲು ಹಾಕಿಕೊಂಡ ಜಾಗ ಇದು. ಅಬಾಯಿ ಎಂದರೆ ಅವರ ಆಡುಮಾತಿನಲ್ಲಿ ಹಿರಿಯ, ಅಜ್ಜ. ಓಡಿಬಂದ ಮೊದಲ ತಲೆಮಾರಿನಲ್ಲಿ ಉಳಿದವರು ಕೆಲವೇ ಮಂದಿ. ಇಲ್ಲಿನ ಹೆಸರಾಂತ ತಿಂಡಿ ಅಬಾಯಿ ಸುಂದೆ ಮಾಂಸದ್ದು. ಸಸ್ಯಾಹಾರಿಗಳು ಮಾಂಸ ಬೇಡವೆಂದು ಮೊದಲೇ ಹೇಳಿ ಬಿಬಿಂಬಾಪ್ ತರಿಸಿಕೊಳ್ಳಬಹುದು.

ಹಳ್ಳಿಗೆ ಹೋಗಲು ಕಾಲುವೆ ದಾಟಿಸುವ ಚಪ್ಪಟೆ ದೋಣಿಯೊಂದಿದೆ. ಅದಕ್ಕೆ ಎಂಜಿನ್ ಇಲ್ಲ, ಅಡ್ಡಕಟ್ಟಿದ ಉಕ್ಕಿನ ಹಗ್ಗವನ್ನು ಕೊಕ್ಕೆಯಿಂದ ಎಳೆಯುತ್ತ ದಾಟಿಸುತ್ತಾರೆ. ದರ ಚಿಲ್ಲರೆ ಕಾಸು. ಕೇಳಿದರೆ ಪ್ರಯಾಣಿಕರ ಕೈಗೂ ಕೊಕ್ಕೆ ಕೊಡುತ್ತಾರೆ. ಸಂಜೆ ಸೋಲ್‌ಗೆ ಮರಳುವ ಬಸ್ಸಿನ ಸೀಟು ಬೆಳಿಗ್ಗೆಯೇ ಕಾಯ್ದಿರಿಸಿ; ಶನಿವಾರ, ಭಾನುವಾರ ನಿಂತರೂ ಸಿಗುವುದಿಲ್ಲ.